ಬಂಡೆ ಉಸಿರಾಡುವುದನ್ನು ತೋರಿಸಬಲ್ಲವರು ಯಾರು? ಫ್ಯಾಂಟಸಿ ಕಾದಂಬರಿಗೆ ನಿರ್ದೇಶಕರನ್ನು ಆರಿಸುವ ಬಗೆ

ಸಿ.ಎಸ್. ಲೂಯಿಸ್ ಬರೆದ ನಾರ್ನಿಯಾ ಕಥೆಗಳನ್ನು ಮತ್ತೊಮ್ಮೆ ತೆರೆಗೆ ತರುವ ಹೊಣೆಯನ್ನು ನೆಟ್‌ಫ್ಲಿಕ್ಸ್ ಸಂಸ್ಥೆ ಗ್ರೇಟಾ ಗೆರ್ವಿಗ್ ಅವರಿಗೆ ಒಪ್ಪಿಸಿತು ಎಂಬ ಸುದ್ದಿ ಬಂದಾಗಿನಿಂದ, ಆ ಪುಸ್ತಕಗಳನ್ನು ಓದಿಕೊಂಡು ಬೆಳೆದ ದಾವಣಗೆರೆಯ ಕಾಲೇಜು ಮಕ್ಕಳು ಒಂದೇ ಪ್ರಶ್ನೆಯನ್ನು ನಾನಾ ಬಗೆಯಲ್ಲಿ ಕೇಳುತ್ತಿದ್ದಾರೆ. ‘ಲಿಟಲ್ ವಿಮೆನ್’ನಂಥ ಅಕ್ಕತಂಗಿಯರ ಕಥೆ ಮಾಡಿದವರು ಮಾತನಾಡುವ ಸಿಂಹದ ಕಥೆಯನ್ನು ಹೇಗೆ ನಿಭಾಯಿಸುತ್ತಾರೆ? ದೊಡ್ಡ ದೊಡ್ಡ ಯುದ್ಧಗಳನ್ನು ಚಿತ್ರಿಸಿ ಪಳಗಿದವರು ಇದಕ್ಕೆ ಬೇಡವೇ? ಇಷ್ಟಕ್ಕೂ ಈ ಆಯ್ಕೆಯನ್ನು ಮಾಡುವವರು ಯಾರು, ಏನನ್ನು ನೋಡಿ ಮಾಡುತ್ತಾರೆ?

ಪ್ರಶ್ನೆ ಒಳ್ಳೆಯದು, ಬುಡದಿಂದ ಉತ್ತರಿಸಲು ತಕ್ಕುದು. ಉದಾಹರಣೆಗಳು ನ್ಯೂಜಿಲೆಂಡ್‌ನಿಂದಲೂ ಬರುತ್ತವೆ, ಚಿತ್ರದುರ್ಗದಿಂದಲೂ ಬರುತ್ತವೆ. ಕಾದಂಬರಿ ಸಿನಿಮಾ ಆಗುವಾಗ ಏನೇನು ನಡೆಯುತ್ತದೆ ಎಂದು ತಿಳಿಯಲು ಕನ್ನಡನಾಡಿನಲ್ಲಿ ದುರ್ಗಕ್ಕಿಂತ ತಕ್ಕ ಊರು ನನಗಂತೂ ಕಾಣುವುದಿಲ್ಲ.

ಮೊದಲು ಹಕ್ಕು, ಆಮೇಲೆ ನಿರ್ದೇಶಕರು

ಕಾದಂಬರಿಯನ್ನು ಸಿನಿಮಾ ಮಾಡುವ ಹಕ್ಕು ಮೂಲತಃ ಲೇಖಕರದು. ನಮ್ಮ ದೇಶದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಈ ಹಕ್ಕನ್ನು ಕಾಯುತ್ತದೆ. ಲೇಖಕರು ಬದುಕಿರುವವರೆಗೆ ಅದು ಅವರದು, ತೀರಿಕೊಂಡ ಮೇಲೆ 60 ವರ್ಷ ವಾರಸುದಾರರದು. ದುರ್ಗದ ಕಥೆಗಳನ್ನು ನಾಡಿಗೆಲ್ಲ ಹೇಳಿದ ತ.ರಾ. ಸುಬ್ಬರಾವ್ ತೀರಿಕೊಂಡದ್ದು 1984ರಲ್ಲಿ. ಅವರ ಕಾದಂಬರಿಯನ್ನು ಇಂದು ಯಾರಾದರೂ ತೆರೆಗೆ ತರಬೇಕೆಂದರೆ ಹಕ್ಕುದಾರರ ಒಪ್ಪಿಗೆ ಬೇಕೇ ಬೇಕು. 2044 ಮುಗಿಯುವವರೆಗೂ ಇದೇ ನಿಯಮ.

ನಿರ್ಮಾಪಕರು ಹಕ್ಕನ್ನು ಒಮ್ಮೆಗೇ ಕೊಳ್ಳಬಹುದು. ಇಲ್ಲವೇ ಸ್ವಲ್ಪ ಹಣ ಕೊಟ್ಟು ‘ಇಷ್ಟು ಕಾಲ ಬೇರೆ ಯಾರಿಗೂ ಕೊಡಬೇಡಿ’ ಎಂದು ಕಾಯ್ದಿರಿಸಿಕೊಳ್ಳಬಹುದು. ಇದನ್ನು ಚಿತ್ರೋದ್ಯಮದಲ್ಲಿ ಆಪ್ಷನ್ ಎನ್ನುತ್ತಾರೆ. ಆ ಅವಧಿಯಲ್ಲಿ ಚಿತ್ರಕಥೆ ಬರೆಸುತ್ತಾರೆ, ಹಣ ಹೊಂದಿಸುತ್ತಾರೆ, ನಿರ್ದೇಶಕರನ್ನು ಹುಡುಕುತ್ತಾರೆ. ನಮ್ಮ ಭಾಗದಲ್ಲಿ ಹೊಸದಾಗಿ ಬರೆಯುತ್ತಿರುವವರು ಒಂದು ಮಾತನ್ನು ನೆನಪಿಡಬೇಕು. ಹಕ್ಕು ಬಿಟ್ಟುಕೊಡುವ ಒಪ್ಪಂದ ಬರಹದಲ್ಲೇ ಇರಬೇಕು. ಅದರಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆ ಭಾವಿಸುತ್ತದೆ.

ಹಾಗಾದರೆ ನಿರ್ದೇಶಕರನ್ನು ಲೇಖಕರೇ ಆರಿಸಬಹುದೇ? ಒಪ್ಪಂದದಲ್ಲಿ ಬರೆಸಿಕೊಂಡಿದ್ದರೆ ಹೌದು. ಆದರೆ ಅಷ್ಟು ಬಲ ಇರುವ ಲೇಖಕರು ಕಡಿಮೆ. ಹ್ಯಾರಿ ಪಾಟರ್ ಬರೆದ ಜೆ.ಕೆ. ರೌಲಿಂಗ್ ಪಾತ್ರಧಾರಿಗಳು ಬಹುಮಟ್ಟಿಗೆ ಬ್ರಿಟನ್ನಿನವರೇ ಆಗಿರಬೇಕೆಂದು ಪಟ್ಟುಹಿಡಿದು ಗೆದ್ದರು. ಎಲ್ಲರಿಗೂ ಅದು ಸಾಧ್ಯವಾಗುವುದಿಲ್ಲ. ಸಿನಿಮಾ ಕೈಮೀರಿ ಹೋಯಿತು ಅನ್ನಿಸಿದರೆ ಭಾರತದ ಲೇಖಕರಿಗೆ ಕಾಯ್ದೆಯ 57ನೇ ಕಲಮು ಒಂದು ಆಸರೆ. ಕೃತಿಯನ್ನು ತಮ್ಮ ಗೌರವಕ್ಕೆ ಕುಂದು ಬರುವಂತೆ ತಿರುಚಿದರೆ, ಹಕ್ಕು ಮಾರಿದ ಮೇಲೂ ಪ್ರಶ್ನಿಸಬಹುದು. ಹಿಂದಿ ಲೇಖಕಿ ಮನ್ನೂ ಭಂಡಾರಿ ತಮ್ಮ ಕಾದಂಬರಿಯೊಂದರ ಸಿನಿಮಾ ವಿರುದ್ಧ ಹೀಗೆಯೇ ನ್ಯಾಯಾಲಯಕ್ಕೆ ಹೋದಾಗ, 1986ರಲ್ಲಿ ದೆಹಲಿ ಹೈಕೋರ್ಟ್ ಈ ಹಕ್ಕನ್ನು ಎತ್ತಿಹಿಡಿಯಿತು.

ಆದರೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಹೊತ್ತಿಗೆ ಸಿನಿಮಾ ಆಗಿ ಹೋಗಿರುತ್ತದೆ. ಸರಿಯಾದ ನಿರ್ದೇಶಕರ ಹುಡುಕಾಟಕ್ಕೆ ಇಷ್ಟು ಮಹತ್ವ ಬರುವುದು ಅದಕ್ಕೇ.

ಒಂದು ವಾಕ್ಯ, ಮೂವರು ನಿರ್ದೇಶಕರು

ನಿರ್ದೇಶಕರು ಮಾಡುವ ಕೆಲಸವೇನು ಎಂದು ತಿಳಿಯಲು ಒಂದು ಕಾದಂಬರಿಯನ್ನು ಊಹಿಸಿಕೊಳ್ಳೋಣ. ಕಥೆ ನಡೆಯುವುದು ಚಿತ್ರದುರ್ಗದ ಕೋಟೆಯಲ್ಲಿ. ಶಾಲೆಗೆ ಚಕ್ಕರ್ ಹೊಡೆದ ಹುಡುಗಿಯೊಬ್ಬಳು ಒನಕೆ ಓಬವ್ವನ ಕಿಂಡಿಯ ಹತ್ತಿರ, ನೆರಳಿನಲ್ಲಿ, ಬಂಡೆಗೆ ಒರಗಿ ಕುಳಿತಿದ್ದಾಳೆ. ಮಧ್ಯಾಹ್ನ. ಲೇಖಕರು ಬರೆದಿರುವುದು ಎರಡೇ ಪದ: ‘ಬಂಡೆ ಉಸಿರಾಡಿತು.’

ಓದುಗರಿಗೆ ಇಷ್ಟು ಸಾಕು. ಉಳಿದದ್ದನ್ನು ಅವರ ಮನಸ್ಸೇ ಕಟ್ಟಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಸಾಲದು. ಬಂಡೆ ಎಷ್ಟು ದೊಡ್ಡದು, ಉಸಿರಾಟ ಕಾಣುತ್ತದೆಯೋ ಕೇಳುತ್ತದೆಯೋ, ಹುಡುಗಿಗೆ ಮೊದಲು ಗೊತ್ತಾಗುತ್ತದೆಯೋ ನೋಡುಗರಿಗೋ, ಇದೆಲ್ಲವನ್ನೂ ಯಾರಾದರೂ ತೀರ್ಮಾನಿಸಲೇಬೇಕು.

ಮೊದಲನೆಯ ನಿರ್ದೇಶಕರು ದೂರದಿಂದ ಇಡೀ ಬೆಟ್ಟವನ್ನು ತೋರಿಸುತ್ತಾರೆ. ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಬಂಡೆ ಉಬ್ಬುತ್ತದೆ, ಇಳಿಯುತ್ತದೆ, ಸಂಗೀತ ಮೊಳಗುತ್ತದೆ. ಎರಡನೆಯವರು ಬಂಡೆಯ ತಂಟೆಗೇ ಹೋಗುವುದಿಲ್ಲ. ಗೋಡೆಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದ ಕೋತಿಯ ಕೈ ತಟ್ಟನೆ ನಿಲ್ಲುತ್ತದೆ. ಬಿರುಕಿನಿಂದ ಒಂದಿಷ್ಟು ಒಣ ಮಣ್ಣು ಉದುರುತ್ತದೆ. ಹುಡುಗಿ ಬೆನ್ನನ್ನು ಮೆಲ್ಲಗೆ ಮುಂದಕ್ಕೆ ತಂದು, ತಿರುಗಿ ನೋಡದೆ, ಅಂಗೈಯನ್ನು ಹಿಂದಕ್ಕೆ ಚಾಚಿ ಕಲ್ಲನ್ನು ಮುಟ್ಟುತ್ತಾಳೆ. ಮೂರನೆಯವರಿಗೆ ಶಬ್ದವೇ ಸಾಕು. ಪಕ್ಕದಲ್ಲಿ ಗೈಡ್ ಪ್ರವಾಸಿಗರಿಗೆ ಕೋಟೆಯ ಕಥೆ ಹೇಳುತ್ತಲೇ ಇದ್ದಾರೆ. ಅವರ ಮಾತಿನ ಅಡಿಯಲ್ಲಿ, ಹುಡುಗಿಗೂ ನಮಗೂ ಮಾತ್ರ ಕೇಳುವಂತೆ, ದೊಡ್ಡದೊಂದು ಉಸಿರು ಒಳಕ್ಕೆ ಹೋಗುತ್ತದೆ.

ಮೂರೂ ತಪ್ಪಲ್ಲ. ಮುಂದಿನ ಪುಟದಲ್ಲಿ ಬೆಟ್ಟವೇ ಎದ್ದು ನಿಲ್ಲುವ ಕಾದಂಬರಿಯಾಗಿದ್ದರೆ ಮೊದಲನೆಯವರೇ ಸರಿಯಿರಬಹುದು. ಹುಡುಗಿಯ ಮಾತನ್ನು ಯಾರೂ ನಂಬದ ಕಥೆಯಾದರೆ ಮೂರನೆಯವರು ಬೇಕು. ಈ ಕಾದಂಬರಿಯ ಜೀವ ಎಲ್ಲಿದೆ ಎಂದು ನಿರ್ಮಾಪಕರು ಮೊದಲು ಪತ್ತೆಹಚ್ಚಬೇಕು, ಆಮೇಲೆ ಅಲ್ಲಿಗೆ ಕೈಹಾಕಬಲ್ಲವರನ್ನು ಹುಡುಕಬೇಕು. ಆಯ್ಕೆ ಎಂದರೆ ಮುಖ್ಯವಾಗಿ ಇದೇ.

ದುರ್ಗದ ಎರಡು ಉದಾಹರಣೆಗಳು

ತ.ರಾ.ಸು. ಅವರ ‘ಹಂಸಗೀತೆ’ ಫ್ಯಾಂಟಸಿಯಲ್ಲ, ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ಅದನ್ನು ಇಲ್ಲಿ ತರುವುದಕ್ಕೆ ಕಾರಣ, ಒಂದೇ ಕಾದಂಬರಿ ಇಬ್ಬರು ನಿರ್ದೇಶಕರ ಕೈಯಲ್ಲಿ ಎರಡು ಬೇರೆ ಲೋಕಗಳಾದದ್ದು. 1956ರಲ್ಲಿ ರಾಜಾ ನವಾಥೆ ಅದನ್ನು ಆಧರಿಸಿ ಹಿಂದಿಯಲ್ಲಿ ‘ಬಸಂತ್ ಬಹಾರ್’ ಮಾಡಿದರು. ಕಥೆ ಉತ್ತರದ ದರ್ಬಾರಿಗೆ ಹೋಯಿತು, ಶಂಕರ್–ಜೈಕಿಶನ್ ಅವರ ಹಾಡುಗಳು ಬಂದವು, ಭೀಮಸೇನ ಜೋಶಿ ಮತ್ತು ಮನ್ನಾ ಡೇ ಒಟ್ಟಿಗೆ ಹಾಡಿದರು. 1975ರಲ್ಲಿ ಜಿ.ವಿ. ಅಯ್ಯರ್ ಅದೇ ಕಾದಂಬರಿಯನ್ನು ಕನ್ನಡದಲ್ಲಿ ಮಾಡಿದಾಗ ಅನಂತನಾಗ್ ನಾಯಕರಾದರು. ಕರ್ನಾಟಕ ಸಂಗೀತವೇ ಕಥೆಯ ಉಸಿರಾಯಿತು, ಹಾಡಿದ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಒಬ್ಬರು ಆ ಕಾದಂಬರಿಯಲ್ಲಿ ಹಾಡಿನ ಹಬ್ಬವನ್ನು ಕಂಡರು, ಇನ್ನೊಬ್ಬರು ಒಬ್ಬ ಕಲಾವಿದನ ತಪಸ್ಸನ್ನು ಕಂಡರು.

ಇನ್ನೊಂದು ಉದಾಹರಣೆ ಎಲ್ಲರಿಗೂ ಗೊತ್ತಿರುವ 1972ರ ‘ನಾಗರಹಾವು’. ಪುಟ್ಟಣ್ಣ ಕಣಗಾಲ್ ಅವರು ತ.ರಾ.ಸು. ಅವರ ಒಂದಲ್ಲ, ಮೂರು ಕಾದಂಬರಿಗಳನ್ನು ಸೇರಿಸಿ ಒಂದು ಸಿನಿಮಾ ಮಾಡಿದರು. ಕೋಟೆಯನ್ನು ಬರೀ ಹಿನ್ನೆಲೆಯಾಗಿ ಇಟ್ಟುಕೊಳ್ಳದೆ ರಾಮಾಚಾರಿಯ ಸ್ವಭಾವಕ್ಕೇ ಅದನ್ನು ಜೋಡಿಸಿದರು. ಓಬವ್ವನ ಕಥೆಯನ್ನು ಒಂದು ಹಾಡಿನಲ್ಲಿ ಹೇಳಿದರು. ಇಂದಿಗೂ ಕಿಂಡಿಯ ಮುಂದೆ ನಿಂತ ಎಷ್ಟೋ ಜನರ ಕಣ್ಣಿಗೆ ಬರುವ ಓಬವ್ವ, ಒನಕೆ ಹಿಡಿದ ಜಯಂತಿಯವರೇ. ಜನ ಚಿತ್ರವನ್ನು ತಲೆಯ ಮೇಲೆ ಹೊತ್ತುಕೊಂಡರು. ಆದರೆ ತಮ್ಮ ನಾಗರಹಾವು ಕೇರೆಹಾವಾಯಿತು ಎಂದು ತ.ರಾ.ಸು. ನೊಂದುಕೊಂಡ ಮಾತೂ ಅಷ್ಟೇ ಜನಜನಿತವಾಗಿದೆ. ಇಬ್ಬರ ಪಕ್ಷದಲ್ಲೂ ನ್ಯಾಯವಿದೆ ಎಂದು ನಾನು ನಂಬುತ್ತೇನೆ. ಲೇಖಕರ ಮನಸ್ಸಿಗೆ ಒಪ್ಪುವ ಸಿನಿಮಾ, ಜನರ ಮನಸ್ಸಿಗೆ ಒಪ್ಪುವ ಸಿನಿಮಾ, ಇವೆರಡೂ ಒಂದೇ ಆಗಬೇಕೆಂದಿಲ್ಲ. ನಿರ್ದೇಶಕರನ್ನು ಆರಿಸುವವರು ಯಾವುದರ ಕಡೆಗೆ ಹೆಚ್ಚು ವಾಲುತ್ತೇವೆ ಎಂದು ಮೊದಲೇ ತಿಳಿದಿರಬೇಕು.

ಫ್ಯಾಂಟಸಿ ಎಂದರೆ ಎಲ್ಲವೂ ಒಂದೇ ಅಲ್ಲ

ನಮ್ಮ ಜಗತ್ತಿನಲ್ಲಿ ನಡೆಯಲಾರದ ಸಂಗತಿಗಳನ್ನು, ತನ್ನದೇ ಕಟ್ಟುಪಾಡುಗಳ ಒಳಗೆ, ನಿಜವೆಂಬಂತೆ ಹೇಳುವ ಕಥೆ ಫ್ಯಾಂಟಸಿ. ಕಟ್ಟುಪಾಡು ಎಂಬುದು ಇಲ್ಲಿ ಬಹಳ ಮುಖ್ಯ. ಮಾಟಕ್ಕೂ ಒಂದು ಬೆಲೆ ಇರಬೇಕು, ಮಿತಿ ಇರಬೇಕು.

ಈ ಕಥೆಗಳಲ್ಲಿ ಸ್ಥೂಲವಾಗಿ ಮೂರು ಜಾತಿ. ಕೆಲವು ಪೂರ್ತಿ ಬೇರೆಯೇ ಲೋಕದಲ್ಲಿ ನಡೆಯುತ್ತವೆ. ಟೋಲ್ಕಿನ್ 1954–55ರಲ್ಲಿ ಪ್ರಕಟಿಸಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅಂಥದ್ದು. ಅಲ್ಲಿ ಬಾಗಿಲ ಚಿಲಕದಿಂದ ಹಿಡಿದು ಭಾಷೆಯವರೆಗೆ ಎಲ್ಲವನ್ನೂ ಹೊಸದಾಗಿ ಕಟ್ಟಬೇಕು. ಕೆಲವು ನಮ್ಮ ಲೋಕದಿಂದ ಹೊರಟು ಒಂದು ಬಾಗಿಲು ದಾಟುತ್ತವೆ. ನಾರ್ನಿಯಾದ ಬಟ್ಟೆ ಬೀರು, ಹ್ಯಾರಿ ಪಾಟರ್‌ನ ರೈಲು ನಿಲ್ದಾಣ. ಇಲ್ಲಿ ಮಕ್ಕಳಿಂದ ನಿಜವಾದ ಅಚ್ಚರಿಯನ್ನು ಹೊರತೆಗೆಯುವ ಕಲೆ ಬೇಕು. ಇನ್ನು ಮೂರನೆಯದರಲ್ಲಿ ಅದ್ಭುತವೇ ನಮ್ಮ ಮನೆಗೆ ಬರುತ್ತದೆ. ಗಿರೀಶ ಕಾರ್ನಾಡರು ಜನಪದ ಕಥೆಗಳಿಂದ ಕಟ್ಟಿದ ‘ನಾಗಮಂಡಲ’ ನಾಟಕ ಈ ಬಗೆಯದು. ಗಂಡನ ರೂಪ ಹೊತ್ತು ನಾಗ ರಾತ್ರಿ ಮನೆಗೆ ಬರುತ್ತಾನೆ. 1997ರಲ್ಲಿ ಟಿ.ಎಸ್. ನಾಗಾಭರಣ ಅದನ್ನು ಸಿನಿಮಾ ಮಾಡಿದಾಗ ಗಂಡನೂ ನಾಗನೂ ಪ್ರಕಾಶ್ ರೈ ಅವರೇ. ಹಗಲಿನ ಒರಟುತನ, ಇರುಳಿನ ಮೃದುತನ, ಇಷ್ಟರಲ್ಲೇ ನೋಡುಗರಿಗೆ ಬಂದಿರುವುದು ಯಾರೆಂದು ತಿಳಿಯುತ್ತದೆ.

ನಮ್ಮ ಹಳ್ಳಿಗಳ ಬಯಲಾಟ ನೋಡಿದವರಿಗೆ ಇದು ಹೊಸದೇನಲ್ಲ. ರಾಕ್ಷಸ ಬರುವ ಮೊದಲು ಇಬ್ಬರು ಒಂದು ತೆರೆ ಹಿಡಿಯುತ್ತಾರೆ. ಹಿಂದಿನಿಂದ ಅಬ್ಬರ ಕೇಳುತ್ತದೆ, ಕಿರೀಟದ ತುದಿ ಕಾಣುತ್ತದೆ, ಮಕ್ಕಳು ಅಮ್ಮಂದಿರ ಸೆರಗು ಹಿಡಿಯುತ್ತಾರೆ. ತೆರೆ ಸರಿಯುವ ಹೊತ್ತಿಗೆ ಆ ಪಾತ್ರಧಾರಿ ಪಕ್ಕದ ಬೀದಿಯವನೆಂದು ಗೊತ್ತಿದ್ದರೂ ಆತ ರಾಕ್ಷಸನೇ ಆಗಿರುತ್ತಾನೆ. ಎಷ್ಟು ಹೊತ್ತು ಮುಚ್ಚಿಡಬೇಕು, ಯಾವಾಗ ತೆರೆಯಬೇಕು ಎಂಬ ಈ ಲೆಕ್ಕ ಗೊತ್ತಿಲ್ಲದವರ ಕೈಗೆ ಕೋಟಿಗಟ್ಟಲೆ ಹಣ ಕೊಟ್ಟರೂ ಭಯ ಹುಟ್ಟುವುದಿಲ್ಲ.

ಗ್ರಾಫಿಕ್ಸ್ ಬಲ್ಲವರಾದರೆ ಸಾಕೇ?

‘ಎರಗಾನ್’ ಎಂಬ ಡ್ರ್ಯಾಗನ್ ಕಥೆ 2006ರಲ್ಲಿ ಸಿನಿಮಾ ಆಯಿತು. ನಿರ್ದೇಶಕ ಸ್ಟೀಫನ್ ಫಾಂಗ್ಮೈಯರ್ ವಿಶುವಲ್ ಎಫೆಕ್ಟ್ಸ್‌ನಲ್ಲಿ, ಅಂದರೆ ಕ್ಯಾಮೆರಾದ ಮುಂದೆ ಇಲ್ಲದ್ದನ್ನು ಆಮೇಲೆ ಚಿತ್ರಕ್ಕೆ ಸೇರಿಸುವ ಕೆಲಸದಲ್ಲಿ, ನುರಿತವರು. ನಿರ್ದೇಶಕರಾಗಿ ಅದು ಅವರ ಮೊದಲ ಚಿತ್ರ. ಡ್ರ್ಯಾಗನ್ ಚೆನ್ನಾಗಿಯೇ ಹಾರಿತು. ಆದರೂ ಸರಣಿಯ ಮುಂದಿನ ಪುಸ್ತಕಗಳು ಹಿರಿತೆರೆಗೆ ಬರಲಿಲ್ಲ. ಎಲ್ಲ ಹೊಣೆಯನ್ನು ಒಬ್ಬರ ತಲೆಗೆ ಕಟ್ಟುವುದು ಸರಿಯಲ್ಲ, ಚಿತ್ರಕಥೆಯ ಪಾಲೂ ಅದರಲ್ಲಿದೆ. ಆದರೆ ಡ್ರ್ಯಾಗನ್ ಹಾರಿಸುವುದೇ ಈ ಕೆಲಸದ ಕಷ್ಟದ ಭಾಗ ಎಂಬ ಲೆಕ್ಕಾಚಾರ ತಪ್ಪಿತ್ತು.

‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅನ್ನು ತೆರೆಗೆ ತಂದ ಪೀಟರ್ ಜಾಕ್ಸನ್ ಅವರ ಕಥೆ ಇದಕ್ಕೆ ತದ್ವಿರುದ್ಧ. ಟೋಲ್ಕಿನ್ ಕೃತಿಯನ್ನು ಕೈಗೆತ್ತಿಕೊಳ್ಳುವ ಮೊದಲು ಅವರ ಹೆಸರಿಗೆ ಇದ್ದದ್ದು ಹೆಚ್ಚಾಗಿ ಕಡಿಮೆ ಖರ್ಚಿನ ರಕ್ತಸಿಕ್ತ ಹಾಸ್ಯಚಿತ್ರಗಳು. ಮೊದಲ ಚಿತ್ರಕ್ಕೆ ಮುಖವಾಡಗಳನ್ನು ಅಮ್ಮನ ಅಡುಗೆಮನೆಯ ಓವನ್‌ನಲ್ಲಿ ತಾವೇ ಬೇಯಿಸಿ ಮಾಡಿದವರು ಅವರು. ಮೇಲುಮೇಲೆ ನೋಡಿದರೆ ಇಂಥವರಿಗೆ ಇಷ್ಟು ದೊಡ್ಡ ಕೃತಿ ಕೊಡುವುದು ಹುಚ್ಚು ಸಾಹಸ. ಆದರೆ 1994ರಲ್ಲಿ ಅವರು ‘ಹೆವನ್ಲಿ ಕ್ರೀಚರ್ಸ್’ ಮಾಡಿದ್ದರು. ಇಬ್ಬರು ಹುಡುಗಿಯರು ತಾವೇ ಕಟ್ಟಿಕೊಂಡ ಕಲ್ಪನಾಲೋಕದಲ್ಲಿ ಮುಳುಗಿಹೋಗುವ, ನಿಜಘಟನೆ ಆಧರಿಸಿದ ಚಿತ್ರ ಅದು. ನಿಜಲೋಕ, ಕಲ್ಪನಾಲೋಕ ಎರಡಕ್ಕೂ ಸಮನಾದ ತೂಕ ಕೊಡಬಲ್ಲೆ ಎಂದು ಅವರು ಅಲ್ಲಿ ತೋರಿಸಿಯಾಗಿತ್ತು. ನಿರ್ದೇಶಕರ ಹಿಂದಿನ ಚಿತ್ರಗಳನ್ನು ನೋಡುವಾಗ ಗಾತ್ರಕ್ಕಿಂತ ಇಂಥ ಗುರುತುಗಳನ್ನು ಹುಡುಕಬೇಕು.

ಮೊದಲು ಹಣ ಹೂಡಲು ಬಂದ ಸಂಸ್ಥೆ ಇಡೀ ಕಥೆಯನ್ನು ಒಂದೇ ಸಿನಿಮಾಕ್ಕೆ ಇಳಿಸಿ ಎಂದಾಗ ಜಾಕ್ಸನ್ ಒಪ್ಪಲಿಲ್ಲ. ತಮ್ಮ ವಿನ್ಯಾಸಗಳನ್ನು ತೋರಿಸುವ ಒಂದು ವಿಡಿಯೊ ಮಾಡಿಕೊಂಡು ಬೇರೆ ಸಂಸ್ಥೆಗಳ ಬಾಗಿಲು ತಟ್ಟಿದರು. ನ್ಯೂ ಲೈನ್ ಸಂಸ್ಥೆ ಮೂರು ಚಿತ್ರಗಳಿಗೆ ಒಪ್ಪಿತು. ನಿರ್ದೇಶಕರನ್ನು ಅಳೆಯಲು ಇದೂ ಒಂದು ದಾರಿ: ಕೃತಿಗೆ ಎಷ್ಟು ಜಾಗ ಬೇಕು ಎಂದು ಅವರಿಗೆ ಗೊತ್ತಿದೆಯೇ, ಅದಕ್ಕಾಗಿ ಕೈಗೆ ಬಂದ ಅವಕಾಶವನ್ನೇ ಬಿಡಲು ಸಿದ್ಧರಿದ್ದಾರೆಯೇ?

ಚಿತ್ರೀಕರಣ 1999ರ ಅಕ್ಟೋಬರ್‌ನಿಂದ 2000ದ ಡಿಸೆಂಬರ್‌ವರೆಗೆ ನ್ಯೂಜಿಲೆಂಡ್‌ನಲ್ಲಿ ನಡೆಯಿತು. ಟೋಲ್ಕಿನ್ ಪುಸ್ತಕಗಳಿಗೆ ಚಿತ್ರ ಬರೆದಿದ್ದ ಅಲನ್ ಲೀ ಮತ್ತು ಜಾನ್ ಹೋವ್ ಅವರನ್ನೇ ಕರೆಸಿದರು. ಕಥೆಯಲ್ಲಿ ಬರುವ ಹಾಬಿಟ್ ಎಂಬ ಕುಳ್ಳರ ಊರಿನ ಸೆಟ್ಟನ್ನು ಸುಮಾರು ಒಂದು ವರ್ಷ ಮೊದಲೇ ಕಟ್ಟಿ, ಹೂಗಿಡ, ತರಕಾರಿ ನೆಟ್ಟು ಬೆಳೆಯಲು ಬಿಟ್ಟರು. ಕ್ಯಾಮೆರಾ ಬರುವ ಹೊತ್ತಿಗೆ ಅದು ಜನ ಬಾಳಿದ ಊರಿನಂತೆ ಕಾಣುತ್ತಿತ್ತು. ಕುಳ್ಳರನ್ನು ಕುಳ್ಳರಾಗಿ ತೋರಿಸಲು ಎಷ್ಟೋ ಕಡೆ ಗ್ರಾಫಿಕ್ಸನ್ನೇ ಬಳಸಲಿಲ್ಲ. ಎತ್ತರದ ಪಾತ್ರವನ್ನು ಕ್ಯಾಮೆರಾಕ್ಕೆ ಹತ್ತಿರ, ಕುಳ್ಳ ಪಾತ್ರವನ್ನು ದೂರ ಕೂರಿಸಿ, ಇಬ್ಬರ ನಡುವಿನ ಮೇಜನ್ನು ಎರಡು ಅಳತೆಯಲ್ಲಿ ಮಾಡಿ ಜೋಡಿಸಿದರು. ನೋಡುವವರಿಗೆ ಇಬ್ಬರೂ ಎದುರುಬದುರು ಕೂತಂತೆಯೇ ಕಾಣುತ್ತದೆ. ಮೂರನೆಯ ಚಿತ್ರಕ್ಕೆ 11 ಆಸ್ಕರ್ ಬಂದವು.

ಪುಸ್ತಕದ ಅಭಿಮಾನಿಯೇ ಆಗಿರಬೇಕೇ?

ಹ್ಯಾರಿ ಪಾಟರ್ ಸರಣಿ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. ಮೊದಲ ಎರಡು ಚಿತ್ರಗಳು ಕ್ರಿಸ್ ಕೊಲಂಬಸ್ ಅವರದು. ‘ಹೋಮ್ ಅಲೋನ್’ ಮಾಡಿದ್ದ ಅವರಿಗೆ ಮಕ್ಕಳನ್ನು ಕ್ಯಾಮೆರಾದ ಮುಂದೆ ಸಲೀಸಾಗಿ ಇರಿಸುವುದು ಗೊತ್ತಿತ್ತು. ಹತ್ತು ಹನ್ನೊಂದು ವರ್ಷದ ಮಕ್ಕಳೇ ಮುಖ್ಯ ಪಾತ್ರಗಳಾದಾಗ ಬೇರೆಲ್ಲಕ್ಕಿಂತ ಮೊದಲು ಬೇಕಾದದ್ದು ಅದೇ. ಮೂರನೆಯ ಪುಸ್ತಕಕ್ಕೆ ಬರುವಾಗ ಮಕ್ಕಳು ಹದಿಹರೆಯಕ್ಕೆ ಕಾಲಿಟ್ಟಿದ್ದರು, ಕಥೆಯ ಬಣ್ಣ ಕಪ್ಪಾಗಿತ್ತು. 2004ರ ಆ ಚಿತ್ರವನ್ನು ಮೆಕ್ಸಿಕೊದ ಅಲ್ಫೊನ್ಸೊ ಕ್ವಾರೋನ್ ಅವರಿಗೆ ಕೊಟ್ಟರು. ಅಲ್ಲಿಯವರೆಗೆ ಅವರು ಆ ಪುಸ್ತಕಗಳನ್ನು ಓದಿಯೇ ಇರಲಿಲ್ಲ! ಹೋಗಿ ಓದು ಎಂದು ಅವರ ಗೆಳೆಯ, ನಿರ್ದೇಶಕ ಗಿಯೆರ್ಮೊ ಡೆಲ್ ಟೊರೊ ಗದರಿದ್ದನ್ನು ಕ್ವಾರೋನ್ ಅವರೇ ಹೇಳಿಕೊಂಡಿದ್ದಾರೆ.

ಬಂದವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಮೂವರು ಮುಖ್ಯ ಬಾಲನಟರಿಗೆ ತಮ್ಮ ತಮ್ಮ ಪಾತ್ರದ ಬಗ್ಗೆ ಪ್ರಬಂಧ ಬರೆಯಲು ಹೇಳಿದ್ದು. ಹರ್ಮಾಯಿನಿ ಪಾತ್ರದ ಎಮ್ಮಾ ವಾಟ್ಸನ್ ಪುಟಗಟ್ಟಲೆ ಬರೆದರು, ಹ್ಯಾರಿಯಾದ ಡೇನಿಯಲ್ ರ‍್ಯಾಡ್‌ಕ್ಲಿಫ್ ಒಂದು ಪುಟ ಬರೆದರು, ರಾನ್ ಆದ ರೂಪರ್ಟ್ ಗ್ರಿಂಟ್ ಬರೆದುಕೊಡಲೇ ಇಲ್ಲ. ಮೂವರೂ ತಮ್ಮ ಪಾತ್ರದಂತೆಯೇ ನಡೆದುಕೊಂಡಿದ್ದರು. ಅಭಿಮಾನಿ ಎಲ್ಲವನ್ನೂ ಉಳಿಸಿಕೊಳ್ಳಲು ನೋಡುತ್ತಾನೆ. ಹೊರಗಿನಿಂದ ಬಂದ ಜಾಣ ಓದುಗ ಇದರ ತಿರುಳೇನು ಎಂದು ಕೇಳುತ್ತಾನೆ. ಬೇಕಾದದ್ದು ಕೃತಿಯ ಮೇಲಿನ ಗೌರವ. ಅದು ನಿನ್ನೆ ಹುಟ್ಟಿದ್ದಾದರೂ ಅಡ್ಡಿಯಿಲ್ಲ.

ತಿರುಳು ಗೊತ್ತಿದ್ದರೆ ಏನನ್ನು ಬಿಡಬಹುದು ಎಂಬುದೂ ಗೊತ್ತಾಗುತ್ತದೆ. ಟೋಲ್ಕಿನ್ ಓದುಗರ ಅಚ್ಚುಮೆಚ್ಚಿನ ಟಾಮ್ ಬಾಂಬಡಿಲ್ ಜಾಕ್ಸನ್ ಚಿತ್ರಗಳಲ್ಲಿ ಇಲ್ಲವೇ ಇಲ್ಲ. ಓದುಗಳಾಗಿ ನನಗೆ ಅದು ನಷ್ಟವೇ. ಆದರೆ ಕಥೆಯ ಕೇಂದ್ರದಲ್ಲಿರುವ ಮಾಟದ ಉಂಗುರ ಭಯಂಕರವಾದದ್ದು ಎಂದು ಕಟ್ಟುತ್ತಿರುವ ಹೊತ್ತಿನಲ್ಲಿ, ಆ ಉಂಗುರಕ್ಕೆ ಕಿಂಚಿತ್ತೂ ಮಣಿಯದ ಹಾಡುಗಾರ ಮುದುಕನೊಬ್ಬ ಬಂದರೆ ಸಿನಿಮಾದ ಬಿಗಿ ಸಡಿಲವಾಗುತ್ತಿತ್ತು.

ನಮ್ಮ ಕೋಟೆಯಲ್ಲೇ ಚಿತ್ರೀಕರಣವಾದರೆ

ಮತ್ತೆ ಉಸಿರಾಡುವ ಬಂಡೆಗೆ ಬರೋಣ. ಚಿತ್ರದುರ್ಗದ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿದೆ. ಅಲ್ಲಿ ಚಿತ್ರೀಕರಿಸಲು ಅನುಮತಿ ಬೇಕು, ಕಲ್ಲಿಗೆ ಮೊಳೆ ಹೊಡೆಯುವ ಮಾತೇ ಇಲ್ಲ. ಸುತ್ತಲಿನ ಬೆಟ್ಟಸಾಲುಗಳ ಮೇಲೆ ಗಾಳಿಯಂತ್ರಗಳು ನಿಂತಿವೆ. ಹಳೆಯ ಕಾಲದ ಕಥೆಯಾದರೆ ಅವು ಕಾಣದಂತೆ ಕ್ಯಾಮೆರಾ ಇಡಬೇಕು, ಇಲ್ಲವೇ ಆಮೇಲೆ ಅಳಿಸಬೇಕು, ಅಳಿಸಲು ದುಡ್ಡು ಸುರಿಯಬೇಕು. ಕೆಲವು ನಿರ್ದೇಶಕರು ಇದನ್ನೆಲ್ಲ ನೋಡಿ ಸ್ಟುಡಿಯೊದಲ್ಲೇ ಕೋಟೆ ಕಟ್ಟೋಣ ಎನ್ನುತ್ತಾರೆ. ಇನ್ನು ಕೆಲವರು ಕಥೆಯನ್ನು ಇಂದಿಗೇ ತಂದು, ತಿರುಗುವ ರೆಕ್ಕೆಗಳನ್ನೂ ಆ ಲೋಕದ ಒಂದು ಗುಟ್ಟಾಗಿಸುತ್ತಾರೆ. ನನ್ನ ಒಲವು ಎರಡನೆಯವರ ಕಡೆಗೆ. ನಿರ್ಮಾಪಕರು ಮೊದಲ ಭೇಟಿಯಲ್ಲೇ ನಿರ್ದೇಶಕರನ್ನು ಸ್ಥಳಕ್ಕೆ ಕರೆದೊಯ್ದು ಅವರ ಕಣ್ಣು ಎಲ್ಲಿ ನಿಲ್ಲುತ್ತದೆ ಎಂದು ಗಮನಿಸುವುದು ಒಳ್ಳೆಯದು.

ಸಿದ್ಧತೆಗೆ ಸಿಗುವ ಕಾಲ

ಸರಿಯಾದ ವ್ಯಕ್ತಿ ಸಿಕ್ಕರೂ ಸಮಯ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಟೋಲ್ಕಿನ್ ಅವರದೇ ಇನ್ನೊಂದು ಕಾದಂಬರಿ ‘ದಿ ಹಾಬಿಟ್’ ಸಿನಿಮಾ ಆದ ಬಗೆ ಸಾಕ್ಷಿ. ಡೆಲ್ ಟೊರೊ ಅದರ ನಿರ್ದೇಶಕರಾಗಿ ಎರಡು ವರ್ಷದಷ್ಟು ದುಡಿದರು. ಹಣಕಾಸಿನ ತೊಡಕಿನಿಂದ ಚಿತ್ರ ಮುಂದೂಡುತ್ತಲೇ ಹೋದಾಗ 2010ರಲ್ಲಿ ಬಿಟ್ಟುಹೋದರು. ಆ ಜಾಗಕ್ಕೆ ಬಂದದ್ದು ಬೇರಾರೂ ಅಲ್ಲ, ಪೀಟರ್ ಜಾಕ್ಸನ್. ಅದೇ ಲೇಖಕ, ಅದೇ ಲೋಕ, ಅದೇ ನಿರ್ದೇಶಕ. ಆದರೆ ಮೊದಲ ಬಾರಿ ಇದ್ದ ವರ್ಷಗಟ್ಟಲೆಯ ಸಿದ್ಧತೆ ಈ ಬಾರಿ ಇರಲಿಲ್ಲ. ಎಷ್ಟೋ ದೃಶ್ಯಗಳನ್ನು ಪೂರ್ಣ ಯೋಜನೆಯಿಲ್ಲದೆ ಚಿತ್ರಿಸಬೇಕಾಯಿತೆಂದು ಅವರೇ ಮುಂದೆ ಒಪ್ಪಿಕೊಂಡರು. ಕೊನೆಯ ಮಹಾಯುದ್ಧದ ಚಿತ್ರೀಕರಣವನ್ನು ನಿಲ್ಲಿಸಿ, ಯೋಚಿಸಲು ಕಾಲಾವಕಾಶ ಪಡೆದು, 2013ರಲ್ಲಿ ಮರಳಿ ಶುರುಮಾಡಿದರು.

ಆದ್ದರಿಂದ ಮುಂದಿನ ಸಲ ನಿಮ್ಮ ಮೆಚ್ಚಿನ ಕಾದಂಬರಿಗೆ ನಿರ್ದೇಶಕರು ಸಿಕ್ಕರು ಎಂಬ ಸುದ್ದಿ ಓದುವಾಗ, ಹೆಸರಿನ ಪಕ್ಕದಲ್ಲಿ ಚಿತ್ರೀಕರಣ ಶುರುವಾಗುವ ತಿಂಗಳನ್ನೂ ನೋಡಿ. ಎರಡರ ನಡುವೆ ಇರುವ ಕಾಲದಲ್ಲೇ ಊರು ಕಟ್ಟಬೇಕು, ಗಿಡ ಬೆಳೆಯಬೇಕು, ಬಂಡೆ ಹೇಗೆ ಉಸಿರಾಡಬೇಕೆಂದು ತೀರ್ಮಾನವಾಗಬೇಕು.